ಕರೆದರೆ ಬರುವ ನಾಯಿ

ಸೂಜಮ್ಮ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಮೂವತ್ತಾರು ವರ್ಷ ಒಂದೇ ದರ್ಜಿ ಅಂಗಡಿಯ ಅಟ್ಟದ ಮೇಲೆ ಕೂತು ಕಾಜಾ ಹೊಲಿದು, ಗುಂಡಿ ಹಚ್ಚಿ, ಅಂಚು ಮಡಿಸಿದ ಹೆಂಗಸಿಗೆ ಆ ಬೀದಿಯವರು ಕೊಟ್ಟ ಹೆಸರು. ಬೆಳಿಗ್ಗೆ ಎಂಟಕ್ಕೆ ತುಟಿಗಳ ನಡುವೆ ಐದಾರು ಗುಂಡುಸೂಜಿ ಕಚ್ಚಿಕೊಂಡರೆ ಊಟದ ಹೊತ್ತಿಗೆ ತೆಗೆಯುವಳು. ಉಂಡು ಮತ್ತೆ ಕಚ್ಚಿಕೊಳ್ಳುವಳು. ಹೌದು ಎನ್ನುವುದಕ್ಕೆ ತಲೆ, ಇಲ್ಲ ಎನ್ನುವುದಕ್ಕೆ ಹುಬ್ಬು, ಯಾರನ್ನಾದರೂ ಕರೆಯುವುದಕ್ಕೆ ಕಾಲು. ಹಲಗೆಯ ನೆಲದ ಮೇಲೆ ಹಿಮ್ಮಡಿಯಿಂದ ಎರಡು ಸಲ ಬಡಿದರೆ ಕೆಳಗೆ ಬಟ್ಟೆ ಕತ್ತರಿಸುವವರು ತಲೆ ಎತ್ತುತ್ತಿದ್ದರು. "ಆಯಮ್ಮನಿಗೆ ಮಾತು ಬರುತ್ತಾ?" ಎಂದು ಹೊಸ ಗಿರಾಕಿ ಕೇಳಿದರೆ ಮಾಲೀಕ, "ಬರುತ್ತೆ, ಭಾನುವಾರ ಮಾತ್ರ" ಎನ್ನುತ್ತಿದ್ದ.

ಗಂಡ ಸತ್ತ ವರ್ಷ ಆಕೆಗೆ ನಾಯಿಮರಿಯೊಂದು ಸಿಕ್ಕಿತು. ಬಟ್ಟೆಯ ಮೂಟೆ ಇಳಿಸುವ ಗಾಡಿಯ ಕೆಳಗಿನಿಂದ ಯಂತ್ರದ ದಾರದ ಉರುಳೆಯಂತೆ ಉರುಳಿಕೊಂಡು ಬಂದಿತ್ತೆಂದು ಅದಕ್ಕೆ ಬಾಬಿನ್ ಎಂದು ಹೆಸರಾಯಿತು. ಹನ್ನೊಂದು ವರ್ಷ ಅದು ಅಟ್ಟದ ಮೇಲೆ, ಹೊಲಿಗೆ ಯಂತ್ರದ ಪಕ್ಕದಲ್ಲಿ, ಗದ್ದವನ್ನು ನೆಲಕ್ಕೆ ಆನಿಸಿ ಮಲಗಿಯೇ ಮುದಿಯಾಯಿತು. ಹಿಮ್ಮಡಿ ಬಡಿದರೆ ಎದ್ದು ಬರುತ್ತಿತ್ತು. ಕೈ ತೋರಿಸಿದರೆ ಕೂರುತ್ತಿತ್ತು.

ಮಾಲೀಕ ತೀರಿಕೊಂಡ ಮೇಲೆ ಅವನ ಮಕ್ಕಳು ಅಂಗಡಿಯನ್ನು ಮಾರಿದರು. ಅಂಗಡಿಯ ಹಿಂದಿನ ಒಂದೇ ಕೋಣೆಯಲ್ಲಿ ಬಾಳಿದ್ದ ಸೂಜಮ್ಮ ತಿಂಗಳ ಕೊನೆಗೆ ಅದನ್ನು ಬಿಡಬೇಕಾಯಿತು. ಮಗಳು ಬಂದು, "ಅಮ್ಮ, ಸುಮ್ಮನೆ ನಮ್ಮನೆಗೆ ಬಾ" ಎಂದಳು. ಅಳಿಯನೂ ಬನ್ನಿ ಎಂದ. ಆದರೆ ಅವನು ಲಿಫ್ಟ್ ಮೆಕ್ಯಾನಿಕ್. ಹಗ್ಗ, ಬ್ರೇಕು, ಬಾಗಿಲು ಎಂದು ದಿನವಿಡೀ ತಪ್ಪು ಹುಡುಕುವ ಕೆಲಸ ಮನುಷ್ಯನನ್ನು ಸಂಶಯಗಾರನನ್ನಾಗಿ ಮಾಡುತ್ತದೆ. ಕುರ್ಚಿಯನ್ನು ಕೂಡ ಎರಡು ಸಲ ಅಲುಗಾಡಿಸಿ ನೋಡದೆ ಕೂರದವನು.

"ಅತ್ತೆ, ನೀವು ಬರೋದರಲ್ಲಿ ಎರಡು ಮಾತಿಲ್ಲ. ನಾಯಿ ವಿಷಯ ಮಾತ್ರ ನೋಡಿ ಹೇಳ್ತೀನಿ. ಮನೇಲಿ ನಾಲ್ಕು ವರ್ಷದ ಮಗು ಇದೆ. ಕರೆದರೆ ಬರಬೇಕು, ಬಿಡು ಅಂದರೆ ಬಿಡಬೇಕು. ಅಷ್ಟಿದ್ದರೆ ಸಾಕು."

"ಅಷ್ಟೇ ತಾನೇ? ಅದರಷ್ಟು ಮಾತು ಕೇಳೋ ನಾಯಿ ಈ ಬೀದೀಲೇ ಇಲ್ಲ" ಎಂದಳು ಸೂಜಮ್ಮ. ಆಕೆ ಸುಳ್ಳು ಹೇಳಲಿಲ್ಲ. ಹಾಗೆಂದೇ ನಂಬಿದ್ದಳು.

ಅಳಿಯ ಬೇಡವೆಂದರೆ ಬಾಬಿನ್ ಹೋಗಬೇಕಾದದ್ದು ಊರಾಚೆಯ ಅನಾಥ ನಾಯಿಗಳ ಮನೆಗೆ. ಸೂಜಮ್ಮ ಒಮ್ಮೆ ಹೋಗಿ ನೋಡಿಬಂದಿದ್ದಳು. ಚಿಕ್ಕ ಮರಿಗಳನ್ನು ಜನ ಆರಿಸಿಕೊಂಡು ಹೋಗುತ್ತಿದ್ದರು. ಮುದಿಯವು ಸರಳಿನ ಹಿಂದೆ ಸಾಲಾಗಿ ಕೂತಿದ್ದವು, ಯಾರೂ ಅವುಗಳ ಮುಂದೆ ನಿಲ್ಲುತ್ತಿರಲಿಲ್ಲ.

ಪರೀಕ್ಷೆಗೆ ಜಾಗ ಹುಡುಕಿದವಳು ಮಗಳು. ಪಟ್ಟಣದಿಂದ ನಾಲ್ಕು ಗಂಟೆಯ ದಾರಿ, ಹೊಲಗಳ ನಡುವೆ ಒಂದು ಹಳೆಯ ಹೋಟೆಲು. ನಾಯಿಗಳನ್ನು ಕರೆದುಕೊಂಡು ಹೋಗಬಹುದು, ಊಟಕ್ಕೆ ಜನ ದೂರದಿಂದ ಬರುತ್ತಾರೆ. ಮೂರು ದಿನ ಎಲ್ಲರೂ ಒಂದೇ ಸೂರಿನಡಿ ಇದ್ದರೆ ನಾಯಿಯ ಗುಣ ತಿಳಿಯುತ್ತದೆ ಎಂಬುದು ಅವಳ ಲೆಕ್ಕ. "ನಾಯಿ ಫೇಲಾದ್ರೂ ಊಟ ಪಾಸಾಗುತ್ತೆ" ಎಂದು ನಕ್ಕಳು. ಸೂಜಮ್ಮ ನಗಲಿಲ್ಲ.

ಊಟದ ಕೋಣೆಯ ಬಾಗಿಲಿಗೆ ಹೋಟೆಲಿನ ಯಜಮಾನಿ ಕೈಯಾರೆ ಬರೆದ ಹಲಗೆ ತೂಗುಹಾಕಿದ್ದಳು: "ನಾಯಿಗಳಿಗೆ ಸ್ವಾಗತ. ಕರೆದಾಗ ಬಾರದ ನಾಯಿಗಳೂ ಕರೆದಾಗ ಬಾರದ ಮಕ್ಕಳೂ ಹೊರಗಿನ ಜಗಲಿಯಲ್ಲಿ ಉಣ್ಣತಕ್ಕದ್ದು." ಅಡುಗೆ ಮಾಡುವವಳೂ ಅವಳೇ. ಕಲ್ಲು ಹಾಸಿದ ಆ ದೊಡ್ಡ ಕೋಣೆಯಲ್ಲಿ ಹತ್ತು ಮೇಜು, ಪ್ರತಿ ಮೇಜಿನ ಪಕ್ಕ ನಾಯಿಗೊಂದು ಕಂಬಳಿ ತುಂಡು. ಮೊದಲ ಸಂಜೆ ಅಣಬೆ ಸೂಪು ಬಂತು, ಬಿಸಿ ಬ್ರೆಡ್ಡು ಬಂತು, ಬೆಳ್ಳುಳ್ಳಿ ಹಚ್ಚಿ ಸುಟ್ಟ ಕೋಳಿ ಬಂತು. ಪಕ್ಕದ ಮೇಜಿನ ನಿವೃತ್ತ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಸೂಪು ಕುಡಿಯುತ್ತಿದ್ದರು. ಸೂಜಮ್ಮನಿಗೆ ಅದು ಬಿಸಿಯಾಗಿದೆ ಎಂಬುದು ಮಾತ್ರ ತಿಳಿಯಿತು.

ಏಕೆಂದರೆ ಬಾಬಿನ್ ಎದ್ದು ಮೇಷ್ಟ್ರ ಮೇಜಿನತ್ತ ಹೊರಟಿತ್ತು.

"ಕರೀರಿ ಅತ್ತೆ" ಎಂದ ಅಳಿಯ ಮೆಲ್ಲಗೆ.

ಸೂಜಮ್ಮ ಕಾಲು ಬಡಿದಳು. ಕಲ್ಲಿನ ನೆಲ, ಶಬ್ದವೂ ಆಗಲಿಲ್ಲ. "ಬಾಬಿನ್" ಎಂದಳು. ನಾಯಿ ತಿರುಗಲಿಲ್ಲ. "ಬಾಬಿನ್! ಏಯ್!" ನಾಯಿ ಮೇಷ್ಟ್ರ ಮೊಣಕಾಲ ಮೇಲೆ ಗದ್ದ ಇಟ್ಟು ನಿಂತಿತು.

"ಇರಲಿ ಬಿಡೀಮ್ಮ, ನನ್ನ ಕ್ಲಾಸಲ್ಲೂ ಹೀಗೇ ಇರ್ತಿದ್ರು" ಎಂದರು ಮೇಷ್ಟ್ರು. ಅವರ ದಪ್ಪ ನಾಯಿ ಮೇಜಿನ ಕೆಳಗಿನಿಂದ ಗುರ್ ಎಂದಿತು. ಸೂಜಮ್ಮ ಎದ್ದು ಹೋಗಿ ಕೊರಳಪಟ್ಟಿ ಹಿಡಿದು ಎಳೆದುಕೊಂಡು ಬಂದಳು.

"ಹೊಸ ಜಾಗ, ವಾಸನೆಗೆ ಮರುಳಾಗಿದೆ" ಎಂದಳು.

"ಇರಬಹುದು" ಎಂದ ಅಳಿಯ. ಅವನ 'ಇರಬಹುದು' ಎಂಥದ್ದೆಂದು ಆಕೆಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಆಕೆ ಏಳು ಸಲ ಕರೆದಳು. ಅದು ಎದುರಿಗಿದ್ದಾಗ ಎರಡು ಸಲ ಬಂತು. ಬೆನ್ನು ತಿರುಗಿಸಿದ್ದಾಗ ಐದು ಸಲವೂ ಬರಲಿಲ್ಲ. ಅಳಿಯ ಜಗಲಿಯ ಮೇಲೆ ಚಹಾ ಕುಡಿಯುತ್ತ ನೋಡುತ್ತಿದ್ದ. ಏನಾದರೂ ಅಂದಿದ್ದರೆ ಸೂಜಮ್ಮ ಉತ್ತರ ಕೊಡಬಹುದಿತ್ತು.

"ಹಟ ಅಮ್ಮ, ವಯಸ್ಸಾದ ಮೇಲೆ ಎಲ್ಲರಿಗೂ ಬರೋದೇ" ಎಂದಳು ಮಗಳು.

"ಯಾರಿಗೆ ಹೇಳ್ತಿದ್ದೀಯ? ನನಗಾ, ಅದಕ್ಕಾ?"

"ಇಬ್ಬರಿಗೂ ಸೇರಿಸೇ ಹೇಳಿದೆ."

ಮಧ್ಯಾಹ್ನ ಮಗಳೂ ಅಳಿಯನೂ ಮಗುವನ್ನು ಕರೆದುಕೊಂಡು ಕೆರೆ ನೋಡಲು ಹೋದರು. ಸೂಜಮ್ಮ ನಾಯಿಯೊಡನೆ ಅಡುಗೆಮನೆಯ ಹಿಂದಿನ ಬಿಸಿಲಲ್ಲಿ ಕೂತಳು. ಬಾಬಿನ್ ಗೋಡೆಯತ್ತ ಮುಖ ಮಾಡಿ ನಿದ್ದೆ ಹೋಯಿತು. ಯಜಮಾನಿ ತೊಳೆದ ತಟ್ಟೆಗಳ ರಾಶಿ ಹೊತ್ತು ಹೊರಬಂದವಳು ಮೆಟ್ಟಿಲ ಮೇಲೆ ಎಡವಿದಳು. ಇಪ್ಪತ್ತು ಸ್ಟೀಲ್ ತಟ್ಟೆಗಳು ಕಲ್ಲಿನ ಮೇಲೆ ಬಿದ್ದವು. ಕೋಳಿಗಳು ಚದುರಿದವು, ಮಾಡಿನ ಮೇಲಿನ ಪಾರಿವಾಳಗಳು ಹಾರಿದವು, ಸೂಜಮ್ಮ ಕೂತಲ್ಲಿಂದ ಎದ್ದು ನಿಂತಳು. ಬಾಬಿನ್ ನಿದ್ದೆ ಮಾಡುತ್ತಲೇ ಇತ್ತು.

ಯಜಮಾನಿ ತಟ್ಟೆ ಆರಿಸುವುದನ್ನು ಬಿಟ್ಟು ನಾಯಿಯನ್ನು ನೋಡಿದಳು. ಒಂದು ತಟ್ಟೆಯನ್ನು ಎತ್ತಿ ನಾಯಿಯ ಬೆನ್ನ ಹಿಂದೆ ಸೌಟಿನಿಂದ ಬಾರಿಸಿದಳು. ಕಿವಿ ಕೂಡ ಅಲುಗಲಿಲ್ಲ.

"ಇದು ಕಿವುಡು ಕಣಮ್ಮ."

"ಕಿವುಡಾ? ಏನು ಹೇಳ್ತೀರಿ! ಹನ್ನೊಂದು ವರ್ಷದಿಂದ ಒಂದು ಮಾತಿಗೆ ಎದ್ದು ಬರುತ್ತೆ."

"ಯಾವ ಮಾತಿಗೆ? ಏನಂತ ಕರೀತೀರಿ ಮನೇಲಿ?"

ಸೂಜಮ್ಮ ನೆನಪು ಮಾಡಿಕೊಳ್ಳತೊಡಗಿದಳು. ತಾನು ಅದನ್ನು ಯಾವತ್ತು ಹೆಸರು ಹಿಡಿದು ಕರೆದದ್ದು? ಬಾಯಲ್ಲಿ ಸೂಜಿ, ಕೈಯಲ್ಲಿ ಬಟ್ಟೆ. ಅದು ಬರುತ್ತಿದ್ದದ್ದು ಹಲಗೆಯ ನಡುಕಕ್ಕೆ. ನಡುಕ ಗದ್ದದಿಂದಲೂ ತಿಳಿಯುತ್ತದೆ. ಕಿವಿ ಯಾವಾಗ ಹೋಯಿತೋ ಯಾರಿಗೆ ಗೊತ್ತು? ಎರಡು ವರ್ಷವಾಗಿರಬಹುದು, ಐದಾಗಿರಬಹುದು. ಬೀದಿಯಲ್ಲಿ ಹಗ್ಗ ಕಟ್ಟಿಯೇ ಕರೆದೊಯ್ಯುತ್ತಿದ್ದರಿಂದ ಅಲ್ಲಿಯೂ ತಿಳಿಯಲಿಲ್ಲ. ನಾಯಿಯ ಜೊತೆ ದಿನಕ್ಕೆ ಎರಡು ಮಾತಾಡುವ ಅಭ್ಯಾಸವಿದ್ದ ಯಾವಳಿಗಾದರೂ ಒಂದು ವಾರದಲ್ಲಿ ಗೊತ್ತಾಗುತ್ತಿತ್ತು.

"ನಮ್ಮಲ್ಲೂ ಒಂದಿತ್ತು" ಎಂದಳು ಯಜಮಾನಿ, ಪಕ್ಕದಲ್ಲಿ ಕೂತು. "ಪಾಪದ್ದು. ಆದರೆ ಮಲಗಿದ್ದಾಗ ಮುಟ್ಟಬಾರದು, ಬೆಚ್ಚಿಬಿದ್ದು ಬಾಯಿ ಹಾಕುತ್ತೆ. ನನ್ನ ಗಂಡನ ಮುಂಗೈಗೆ ಮೂರು ಹೊಲಿಗೆ ಹಾಕಿಸಿದ್ವಿ. ನಿಮ್ಮನೇಲಿ ಮಗು ಇದೆಯಲ್ಲ, ಅದರ ಅಪ್ಪ ಅಮ್ಮನಿಗೆ ಹೇಳಿಬಿಡಿ."

"ಹೇಳ್ತೀನಿ" ಎಂದಳು ಸೂಜಮ್ಮ.

ಹೇಳಲಿಲ್ಲ. ಸಂಜೆ ಊಟಕ್ಕೆ ಹೋಗುವ ಮುನ್ನ ಹೇಳೋಣವೆಂದುಕೊಂಡಳು. ಮಗು ಹಸಿವೆಂದು ಅಳುತ್ತಿತ್ತು. ಊಟದ ನಡುವೆ ಹೇಳೋಣವೆಂದುಕೊಂಡಳು. ಅಳಿಯ ಕುಂಬಳಕಾಯಿ ಪಲ್ಯವನ್ನು ಮೂರನೆಯ ಸಲ ಹಾಕಿಸಿಕೊಂಡು ಖುಷಿಯಲ್ಲಿದ್ದ. ಸೂಜಮ್ಮ ನಾಯಿಯ ಕೊರಳಪಟ್ಟಿಯನ್ನು ಮೇಜಿನ ಕೆಳಗೆ ಬಿಗಿಯಾಗಿ ಹಿಡಿದು ಕೂತಳು. ಬಾಬಿನ್ ಕಂಬಳಿ ಬಿಟ್ಟು ಕದಲಲಿಲ್ಲ. "ಪರವಾಗಿಲ್ಲವೇ, ಇವತ್ತು ಶಿಸ್ತಾಗಿದೆ" ಎಂದ ಅಳಿಯ. ಎರಡು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ಒಳ್ಳೆಯ ಮಾತು. ಆ ಮಾತು ಬಂದ ಮೇಲಂತೂ ಹೇಳುವುದು ಮತ್ತೂ ಕಷ್ಟವಾಯಿತು. ಇನ್ನೊಂದು ಬೆಳಗು ಕಳೆದರೆ ಆಯಿತು. ಆಮೇಲೆ ತಾನೇ ನೋಡಿಕೊಳ್ಳಬಹುದು, ಹತ್ತಿರವೇ ಮಲಗಿಸಿಕೊಳ್ಳಬಹುದು, ಕಣ್ಣಿಟ್ಟಿರಬಹುದು. ತಪ್ಪಿಗೆ ಹೊರಟವರೆಲ್ಲ ತಮಗೆ ತಾವು ಹೇಳಿಕೊಳ್ಳುವ ಮಾತು ಇದೇ.

ಮೂರನೆಯ ಬೆಳಿಗ್ಗೆ ತಿಂಡಿಯನ್ನು ಊಟದ ಕೋಣೆಯ ಆ ತುದಿಯ ಉದ್ದ ಮೇಜಿನ ಮೇಲೆ ಇಟ್ಟಿದ್ದರು. ಅವರವರೇ ಹೋಗಿ ಬಡಿಸಿಕೊಳ್ಳಬೇಕು. ಬಾಬಿನ್ ಕಿಟಕಿಯ ಬಳಿ ಬಿಸಿಲು ಬಿದ್ದ ಕಡೆ ನಿದ್ದೆ ಹೋಗಿತ್ತು. ಸೂಜಮ್ಮ ಎರಡು ಸಲ ಸುತ್ತ ನೋಡಿ, ಮಗು ತಾಯಿಯ ಮಡಿಲಲ್ಲಿದೆ ಎಂದು ಖಾತ್ರಿಮಾಡಿಕೊಂಡು, ತಟ್ಟೆ ಹಿಡಿದು ಹೋದಳು. ಮೊಟ್ಟೆ ಹಾಕಿಕೊಂಡು ತಿರುಗಿದಾಗ ಮಡಿಲು ಖಾಲಿಯಿತ್ತು. ಮಗಳು ಮೇಷ್ಟ್ರ ಜೊತೆ ಮಾತಿಗಿಳಿದಿದ್ದಳು. ಮಗು ಬ್ರೆಡ್ಡಿನ ತುಂಡು ಹಿಡಿದು ಕಿಟಕಿಯತ್ತ ನಡೆದಿತ್ತು. ನಾಯಿಗೆ ಬೆನ್ನ ಕಡೆಯಿಂದ. ಕೈ ಚಾಚಿತ್ತು.

ನಡುವೆ ಐದು ಮೇಜು. ಓಡಿದರೆ ಆಗುತ್ತಿರಲಿಲ್ಲ.

ಸೂಜಮ್ಮ ಕಿರುಚಿದಳು. ಆ ಗಂಟಲಲ್ಲಿ ಅಂಥ ದನಿ ಇದೆಯೆಂದು ಹೆತ್ತ ಮಗಳಿಗೂ ಗೊತ್ತಿರಲಿಲ್ಲ. "ಮುಟ್ಟಬೇಡ! ನಿಲ್ಲು ಅಲ್ಲೇ!"

ಮಗು ನಿಂತಲ್ಲೇ ಕಲ್ಲಾಗಿ, ಆಮೇಲೆ ಹೋ ಎಂದು ಅತ್ತಿತು. ಮೇಷ್ಟ್ರ ಕೈಯಿಂದ ಚಮಚ ಬಿತ್ತು. ಅವರ ದಪ್ಪ ನಾಯಿ ಮೇಜನ್ನೇ ಎತ್ತಿಹಾಕುವಂತೆ ಎದ್ದು ಬೊಗಳಿತು. ಮೂಲೆಯ ಮೇಜಿನ ಎರಡು ಚಿಕ್ಕ ನಾಯಿಗಳೂ ದನಿಗೂಡಿಸಿದವು. ಹತ್ತು ಮೇಜಿನ ಜನವೂ ತಿರುಗಿ ನೋಡಿದರು.

"ಏನಮ್ಮ ಇದು! ಮಗು ಏನು ಮಾಡಿತು ಅಂತ ಹಾಗೆ ಗದರಿಸ್ತೀಯ?" ಮಗಳು ಓಡಿ ಮಗುವನ್ನು ಎತ್ತಿಕೊಂಡಳು.

ಅಳಿಯ ಮಗುವನ್ನು ನೋಡಲಿಲ್ಲ, ಅತ್ತೆಯನ್ನೂ ನೋಡಲಿಲ್ಲ. ಅಷ್ಟೆಲ್ಲ ಗದ್ದಲದ ನಡುವೆ ಹೊಟ್ಟೆ ಏರಿಳಿಯುತ್ತ ಮಲಗಿದ್ದ ನಾಯಿಯನ್ನು ನೋಡಿದ. ಕೈಯೊರಸಿಕೊಂಡು ಎದ್ದು, ಹತ್ತಿರ ಹೋಗಿ, ಮುಟ್ಟದೆ ಅದರ ಬೆನ್ನ ಹಿಂದೆ ಎರಡು ಸಲ ಚಪ್ಪಾಳೆ ತಟ್ಟಿದ. ವಾಪಸು ಬಂದ.

"ಯಾವಾಗಿಂದ ಅತ್ತೆ?"

"ಗೊತ್ತಿಲ್ಲ. ನನಗೆ ಗೊತ್ತಾಗಿದ್ದು ನಿನ್ನೆ ಮಧ್ಯಾಹ್ನ."

"ನಿನ್ನೆ ಮಧ್ಯಾಹ್ನ." ಅವನು ಕುರ್ಚಿಯನ್ನು ಅಲುಗಾಡಿಸದೆ ಕೂತ. "ಹೇಳಲಿಲ್ಲ."

"ಹೇಳಿದ್ದರೆ ನೀವು ಬೇಡ ಅಂತಿದ್ರಿ."

"ಅಂತಿದ್ದೆನೋ ಏನೋ. ಈಗ ಕೇಳಿ. ಕೆಟ್ಟ ಲಿಫ್ಟಿಗೆ ನಾನು ಹೆದರಲ್ಲ, ಅದಕ್ಕೆ ಬೀಗ ಹಾಕಿ ಬೋರ್ಡ್ ಹಾಕ್ತೀನಿ. ಸರಿಯಾಗಿದೆ ಅಂತ ಯಾರೋ ಸಹಿ ಹಾಕಿಕೊಟ್ಟ ಕೆಟ್ಟ ಲಿಫ್ಟಿಗೆ ಹೆದರ್ತೀನಿ. ನಿನ್ನೆ ನಾನು ಅದನ್ನ ಶಿಸ್ತಾಗಿದೆ ಅಂದಾಗ ನೀವು ಸುಮ್ಮನಿದ್ರಲ್ಲ, ಅದೇ ಆ ಸಹಿ."

ಸೂಜಮ್ಮ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ನೋಡುತ್ತ ಕೂತಳು. ಅಳಲಿಲ್ಲ; ಆಕೆಗೆ ಅಳುವ ರೂಢಿ ಇರಲಿಲ್ಲ. "ಇವತ್ತೇ ಆ ನಾಯಿಮನೆಗೆ ಬಿಟ್ಟು ಹೋಗೋಣ ಅಂತೀರಾ?" ಎಂದಳು.

ಅವನು ಎದ್ದು ಅಂಗಳಕ್ಕೆ ಹೋದ. ಬಹಳ ಹೊತ್ತು ತಿರುಗಾಡಿದ. ಯಜಮಾನಿ ಬಂದು ಸೂಜಮ್ಮನ ತಟ್ಟೆ ತೆಗೆದು ಬಿಸಿಯದನ್ನು ಇಟ್ಟಳು, ಅದೂ ಆರಿತು. ಅಳಿಯ ಒಳಬಂದಾಗ ಮಗಳು ಹೋಟೆಲಿನ ಹಣ ಕಟ್ಟಿಯಾಗಿತ್ತು.

"ಮನೇಲಿ ನಿಮ್ಮ ಕೋಣೆ ಬಾಗಿಲಿಗೆ ಸೊಂಟದೆತ್ತರದ ಗೇಟು ಹಾಕ್ತೀನಿ" ಎಂದ. "ನಾಯಿ ಮಲಗೋದು ಗೇಟಿನ ಒಳಗೆ, ಮಗು ಹೊರಗೆ. ಮೂರು ತಿಂಗಳು ನೋಡೋಣ."

"ಒಂದು ಸಲ ಹಲ್ಲು ತೋರಿಸಿದರೆ ಕಳಿಸಿಬಿಡೋದು ಅಂತ ತಾನೇ? ಗೊತ್ತು."

"ಗೊತ್ತಾಗಲಿಲ್ಲ ನಿಮಗೆ. ನಾಯಿ ಹಲ್ಲು ತೋರಿಸಿದರೆ ಏನು ಮಾಡಬೇಕು ಅಂತ ಯೋಚನೆ ಮಾಡ್ತೀನಿ. ತೋರಿಸಿದ್ದನ್ನ ನೀವು ಮುಚ್ಚಿಟ್ಟರೆ, ಆವತ್ತೇ ಅದು ಮನೆ ಬಿಡುತ್ತೆ."

ಹಿಂತಿರುಗುವ ಕಾರಿನಲ್ಲಿ ಅಳಿಯನೂ ಮಗಳೂ ಮುಂದೆ ಕೂತರು. ಹಿಂದೆ ಸೂಜಮ್ಮನ ಎಡಕ್ಕೆ ಮಗು, ಬಲಕ್ಕೆ ಬಾಬಿನ್. ಅರ್ಧ ದಾರಿಗೆ ಎರಡಕ್ಕೂ ನಿದ್ದೆ ಹತ್ತಿತು. ಆಕೆ ಬಲಗೈಯನ್ನು ಬೇಲಿಯಂತೆ ಚಾಚಿ, ಬೆನ್ನನ್ನು ಸೀಟಿಗೆ ತಾಗಿಸದೆ ಕೂತಿದ್ದಳು. ಭುಜ ಮರಗಟ್ಟಿತ್ತು. ಒಂದು ಗುಂಡಿಯ ಮೇಲೆ ಕಾರು ಎಗರಿತು. ನಾಯಿ ಬೆಚ್ಚಿಬಿದ್ದು, ಕಣ್ಣು ಬಿಡುವ ಮೊದಲೇ ಬಾಯಿ ಹಾಕಿತು. ಹಲ್ಲು ಆಕೆಯ ಮಣಿಕಟ್ಟಿಗೆ ತಾಗಿತು. ಮರುಕ್ಷಣ ಗುರುತು ಹಿಡಿದು, ಕಿವಿ ಇಳಿಬಿಟ್ಟು, ಅದೇ ಜಾಗವನ್ನು ನೆಕ್ಕಿತು.

ಮುಂದಿದ್ದವರು ಯಾರೂ ನೋಡಿರಲಿಲ್ಲ. ಮಗಳು ತೂಕಡಿಸುತ್ತಿದ್ದಳು, ಅಳಿಯನ ಕಣ್ಣು ರಸ್ತೆಯ ಮೇಲಿತ್ತು. ಮಣಿಕಟ್ಟಿನ ಮೇಲೆ ಕೆಂಪಗೆ ಎರಡು ಗೀರು, ರಕ್ತವಿಲ್ಲ. ಸೆರಗು ಎಳೆದುಕೊಂಡರೆ ಮುಚ್ಚಿಹೋಗುತ್ತಿತ್ತು. ಸೂಜಮ್ಮ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು, ಒಂದು ಕಿಲೋಮೀಟರಾದರೂ ಹಾಗೆಯೇ ಕೂತಳು.

"ಅಳಿಯಂದ್ರೇ, ಗಾಡಿ ನಿಲ್ಲಿಸಿ."

"ಯಾಕೆ?"

"ಈಗ ಹಲ್ಲು ತಾಗಿಸಿತು. ನನಗೆ. ಗುಂಡಿ ಬಂತಲ್ಲ, ಆಗ."

ಕಾರು ರಸ್ತೆಯ ಬದಿಗೆ ನಿಂತಿತು. ಅಳಿಯ ಇಳಿದು ಬಂದು ಹಿಂದಿನ ಬಾಗಿಲು ತೆಗೆದ. ಆಕೆ ಕೈ ಚಾಚಿದಳು. ಅವನು ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಮಗುವನ್ನು ಎಚ್ಚರವಾಗದಂತೆ ಎತ್ತಿ ಮುಂದಿನ ಸೀಟಿನಲ್ಲಿ ಹೆಂಡತಿಯ ಮಡಿಲಿಗೆ ಹಾಕಿದ.

"ಮನೆ ಮುಟ್ಟೋಕೆ ಇನ್ನೂ ಎರಡು ಗಂಟೆ ಇದೆ" ಎಂದ, ಸ್ಟಿಯರಿಂಗ್ ಹಿಡಿಯುತ್ತ. "ಇನ್ನೇನಾದ್ರೂ ಆದ್ರೆ ಹೀಗೇ ಹೇಳ್ತಾ ಇರಿ."