ಹೆದ್ದಾರಿಯವರೆಗೆ ತೇಲಿಬಂದ ಎಳೆಮೀನುಗಳು

ಬಸ್ಸಿನಲ್ಲಿ ಯಾರಾದರೂ ತೊಡೆಯ ಮೇಲೆ ಗಾಜಿನ ಬಾಟಲಿ ಇಟ್ಟುಕೊಂಡು ಕೂತರೆ, ಒಳಗೆ ಸಾಕ್ಷಾತ್ ಮಾವಿನ ಉಪ್ಪಿನಕಾಯಿಯೇ ಕಂಡರೂ, ನಾನು ಎದ್ದು ಹಿಂದಿನ ಸೀಟಿಗೆ ಹೋಗುತ್ತೇನೆ. ನಗಬೇಡಿ, ಇದಕ್ಕೊಂದು ವೈಜ್ಞಾನಿಕ ಹಿನ್ನೆಲೆಯಿದೆ.

ತಾಂಡೂರಿನ ಹಾಸುಗಲ್ಲುಗಳ ನಡುವೆ, ಕಡಲನ್ನು ಭೂಪಟದಲ್ಲಷ್ಟೇ ಕಂಡು ಬೆಳೆದ ನಾನು ಎಂ.ಎಸ್ಸಿ.ಗೆ ಆರಿಸಿಕೊಂಡ ವಿಷಯ, ಹವಳದ ದಿಬ್ಬಗಳ ಸುತ್ತಲ ನೀರಿನಲ್ಲಿ ಎಳೆಮೀನುಗಳ ಹಂಚಿಕೆ. ಅಕ್ಕಿಕಾಳಿಗಿಂತ ಸಣ್ಣ ಮರಿಗಳಲ್ಲಿ ಯಾವುವು ಹವಳದ ಬಳಿಯೇ ಉಳಿಯುತ್ತವೆ, ಯಾವುವು ದೂರ ತೇಲಿಹೋಗುತ್ತವೆ, ಹೋದವು ವಾಸನೆ ಹಿಡಿದು ಹೇಗೆ ಮರಳುತ್ತವೆ ಎಂದು ತಿಳಿಯುವ ವಿದ್ಯೆ. "ತಿನ್ನಾಕ ಬರಲ್ಲ, ಮಾರಾಕ ಬರಲ್ಲ, ಮತ್ತ ಯಾಕ ಹಿಡೀತಿಯೋ?" ಎಂಬ ಅವ್ವನ ಪ್ರಶ್ನೆಯನ್ನು ನನ್ನ ಗೈಡಿಗೆ ಒಪ್ಪಿಸಿದರೆ, ಅವರು ಇನ್ನೊಂದು ಬಲೆ ಕೊಟ್ಟು ಕಳಿಸಿದರು.

ತೆಲಂಗಾಣ ಚಳವಳಿ ಕಾವೇರಿದ್ದ ದಿನಗಳು. ಲಕ್ಷದ್ವೀಪದಲ್ಲಿ ಹವಳದಿಂದ ಅತಿ ದೂರದ ನೀರಿನಲ್ಲಿ ಹಿಡಿದ ಮರಿಗಳನ್ನು ಕೊಳೆಯದಂತೆ ಫಾರ್ಮಲಿನ್ ಎಂಬ ಘಾಟು ವಿಷದ ಬಾಟಲಿಯಲ್ಲಿಟ್ಟು, ಅದನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿಗೆ ಹೊರಟಿದ್ದೆ. ಜಹೀರಾಬಾದಿನಲ್ಲಿ ಬಂದ್ ಇತ್ತು. ಕಲ್ಲಿನೂರಿನವನಿಗೆ ಕಲ್ಲು ಹೊಸದಲ್ಲ. ಅದು ಕಿಟಕಿ ಒಡೆದು ಕಿವಿಯ ಪಕ್ಕ ಹಾದುಹೋದದ್ದು ಹೊಸದು. ಈಗಲೂ ಪಾತ್ರೆ ಬಿದ್ದರೆ ತಲೆ ತಗ್ಗಿಸುತ್ತೇನೆ. ಪ್ರಯಾಣಿಕರೆಲ್ಲ ದಿಕ್ಕಿಗೊಬ್ಬರಂತೆ ಓಡಿದರು. ಬಾಟಲಿಯಿದ್ದ ನಾನು ಓಡಲಾಗದೆ ಸಿಕ್ಕಿಬಿದ್ದೆ.

"ಏನಲೇ ಅದು, ಪೆಟ್ರೋಲಾ?" ಎಂದು ಅಡ್ಡಗಟ್ಟಿದವರು ಬಂದ್ ಮಾಡಿದವರ ಮುಂದಾಳು ನರಸಪ್ಪ; ಪ್ರತಿ ಘೋಷಣೆಯ ನಡುವೆಯೂ ಉಬ್ಬಸದಿಂದ ನಿಲ್ಲುತ್ತಿದ್ದವರು.

"ಮೀನ್ರಿ ಕಾಕಾ."

ಸುತ್ತಲಿನವರ ಕೈಯ ಕಲ್ಲುಗಳು ಕೆಳಗಿಳಿದವು. ಅಂದು ಮಿರ್ಗ, ಅಂದರೆ ಮೃಗಶಿರಾ ಮಳೆ ಹುಟ್ಟುವ ದಿನ. ಅಂದು ಔಷಧದೊಡನೆ ಎಳೆಮೀನು ನುಂಗಿದರೆ ಉಬ್ಬಸ ಹೋಗುತ್ತದೆಂದು ನಂಬಿ ನಮ್ಮ ಕಡೆಯವರು ಹೈದರಾಬಾದಿಗೆ ಹೋಗುತ್ತಾರೆ. ನರಸಪ್ಪನವರೂ ಹೊರಟವರೇ. ಆದರೆ ಬಸ್ಸು ನಿಲ್ಲಿಸಿದವರೂ ಅವರೇ!

"ಬಂದ್ ನಾವ ಮಾಡೇವಿ, ನಾವ ಸಿಕ್ಕೊಂಡೇವಿ," ಎಂದು ನಕ್ಕು ಕೆಮ್ಮಿದರು. "ದೇವ್ರ ಕಳಿಸ್ಯಾನ ನಿನ್ನ. ಒಂದ ಗುಟುಕು ಕೊಡು ತಮ್ಮಾ."

"ವಿಷ ಅದರಿ ಕಾಕಾ!"

"ಓದಿದವರಿಗೆ ನಮ್ಮ ದವಾ ಎಲ್ಲಾ ವಿಷಾನೇ," ಎನ್ನುತ್ತ ಬಾಟಲಿ ಕಸಿದು ಮುಚ್ಚಳ ತಿರುವಿದರು. ಘಾಟಿಗೆ ಅವರ ಕಣ್ಣಲ್ಲಿ ನೀರು ಧಾರೆಯಾಯಿತು. "ನೋಡ್ರೋ, ದವಾ ಎಷ್ಟು ಖಡಕ್ ಅದ!" ಎಂದು ಹಿಗ್ಗಿ ತುಟಿಗೆತ್ತಿದರು.

ಆ ಕ್ಷಣ ಇಂದಿಗೂ ನನ್ನೊಳಗೆ ಮರುಕಳಿಸುತ್ತದೆ. ಬಾಟಲಿಗೆ ಕೈ ಬೀಸಿದೆ. ಹೆದ್ದಾರಿಯ ಮೇಲೆ ಅದು ಚೂರಾಯಿತು. ಮುಂದಾಳಿನ ಮೇಲೆ ಕೈಮಾಡಿದವನ ಸುತ್ತ ಕಲ್ಲುಗಳು ಮತ್ತೆ ಮೇಲೆದ್ದವು. ಅಷ್ಟರಲ್ಲಿ ಘಾಟು ಹಿಂದಿನ ಸಾಲಿಗೆ ಮುಟ್ಟಿತ್ತು. "ಟಿಯರ್ ಗ್ಯಾಸ್ ಬಿಟ್ಟಾರ, ಓಡ್ರೋ!" ಎಂದು ಯಾರೋ ಕೂಗಿದ್ದೇ ತಡ, ಪೊಲೀಸರಿಗೆ ಬೆಳಗಿನಿಂದ ಸಾಧ್ಯವಾಗದ್ದನ್ನು ನನ್ನ ಮರಿಮೀನುಗಳು ಸಾಧಿಸಿದವು.

ಏದುಸಿರು ಬಿಡುತ್ತಿದ್ದ ನರಸಪ್ಪನವರನ್ನು ಗಾಳಿಯ ಕಡೆ ಎಳೆದು ಬೇವಿನ ನೆರಳಿನಲ್ಲಿ ಕೂರಿಸಿದೆ. ಬಹಳ ಹೊತ್ತಿಗೆ ಉಸಿರು ಮರಳಿದಾಗ ಅವರ ಮೊದಲ ಮಾತು: "ಕೊಡಲ್ಲ ಅಂದ್ರ ಆಗ್ತಿತ್ತಲ್ಲೋ. ಇಂಥಾ ಜಿಪುಣನ್ನ ನೋಡಿಲ್ಲ. ನಡಿ, ಉಂಡು ಹೋಗು."

ರಸ್ತೆಯ ಮೇಲೆಯೇ ಒಲೆ ಹೂಡಿ ಅಡುಗೆ ಮಾಡಿ ಉಣ್ಣುವುದು ಆಗಿನ ಪ್ರತಿಭಟನೆಯ ಪದ್ಧತಿ. ಚದುರಿದ್ದ ಪ್ರಯಾಣಿಕರು, ಕಲ್ಲೆಸೆದವರು, ಡ್ರೈವರು, ಎಲ್ಲರೂ ಅನ್ನ-ಸಾರಿನ ವಾಸನೆ ಹಿಡಿದು ಒಬ್ಬೊಬ್ಬರೇ ತೇಲಿಬಂದು ಒಂದೇ ಪಂಕ್ತಿಯಲ್ಲಿ ಕೂತರು. ನನ್ನ ಪ್ರಬಂಧದ ಕೊನೆಯ ಅಧ್ಯಾಯ ಅಲ್ಲೇ ಕಣ್ಣೆದುರು ಉಣ್ಣುತ್ತಿತ್ತು. ಹವಳದಿಂದ ಅತಿ ದೂರದ ಮರಿಗಳು ಎಲ್ಲಿಯವರೆಗೆ ಹಂಚಿಕೆಯಾಗಿವೆ ಎಂದು ಗೈಡು ಕೇಳಿದಾಗ, ಜಹೀರಾಬಾದಿನವರೆಗೆ ಎಂದು ನಿಜವನ್ನೇ ಹೇಳಿದೆ.

ಈಗಲೂ ಬಾಟಲಿ ಕಂಡರೆ ಹಿಂದಿನ ಸೀಟಿಗೆ ಹೋಗುತ್ತೇನೆ. ಮಿರ್ಗದ ದಿನ ಮಾತ್ರ ಬಾಟಲಿಯ ಪಕ್ಕದಲ್ಲೇ ಕೂತು, ಅನುಮತಿ ಕೇಳದೆ, ಯಾರೂ ತುಟಿಗೆತ್ತದಂತೆ ಮುಚ್ಚಳದ ಮೇಲೆ ಕೈಯಿಡುತ್ತೇನೆ.