ಮೊದಲು ಬಾವಿಗೆ ನಿನ್ನ ಹೆಸರು ಹೇಳು

ಎಲೆಮರೆಯ ಕಾಯಿ ಎಂದು ಯಾರನ್ನಾದರೂ ಹೊಗಳುವಾಗ ನಾವು ಎಲೆಯನ್ನೂ ನೋಡಿರುವುದಿಲ್ಲ, ಕಾಯಿಯನ್ನೂ ನೋಡಿರುವುದಿಲ್ಲ. ಮಧುವನಹಳ್ಳಿಯ ಈ ಗುಡಿಸಲಿನಲ್ಲಿ ಎರಡೂ ಇವೆ. ಮಾಡಿನ ಮೇಲೆ ಸೋರೆಬಳ್ಳಿ ಹಬ್ಬಿದೆ, ಎಲೆಗಳ ಮರೆಯಲ್ಲಿ ಸೋರೆಕಾಯಿಗಳು ಒಣಗಿ ಬುರುಡೆಯಾಗುತ್ತಿವೆ. ಇಂಥ ಬುರುಡೆಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಕೊಳ್ಳೇಗಾಲದ ಅರ್ಧ ಊರು ಈಜು ಕಲಿತಿದೆ. ಕಟ್ಟಿದ ಕೈಯ ಕಥೆ ಇದು. ಇದರಲ್ಲಿ ಬುರುಡೆಗಳು ಬೇಕಾದಷ್ಟು ಬರುತ್ತವೆ, ಆದರೆ ಬುರುಡೆ ಬಿಡುತ್ತಿಲ್ಲ. ನಡೆದದ್ದು ನಡೆದ ಹಾಗೆ.

ಬೆಳಕು ಈಗತಾನೆ ಹರಿಯುತ್ತಿದೆ. ಕಪಿಲೆ ಬಾವಿಯ ರಾಟೆ ಕಿರುಗುಟ್ಟುತ್ತಿದೆ. ಜೋಡಿ ಎತ್ತು ಇಳಿಜಾರಿನಲ್ಲಿ ಇಳಿದಂತೆ ಹಗ್ಗ ಬಿಗಿಯುತ್ತದೆ, ನೀರು ತುಂಬಿದ ಚರ್ಮದ ಬಾನಿ ಮೇಲೇರುತ್ತದೆ. ಆ ಹಗ್ಗದ ಮೇಲೆ ಕುದುರೆ ಏರಿದವರಂತೆ ಗುಡಿಸಲಿನ ಯಜಮಾನ ಪುಟ್ಟಮಾದಪ್ಪ ಕುಳಿತಿದ್ದಾರೆ. ಬಾನಿ ಕಾಲುವೆಗೆ ನೀರು ಸುರಿದ ಮೇಲೆ ಅವರು ಕೆಳಗಿಳಿದು ಗಂಟಲು ಸರಿಮಾಡಿಕೊಳ್ಳುತ್ತಾರೆ.

"ಉಹ್ಹುಂ... ಇಂದ್ಕ್ ಬಾರಪ್ಪೋ..."

ಕೆಂದ, ಬೂದ ಎಂಬ ಎರಡು ಎತ್ತುಗಳು ತಲೆ ಕೂಡ ತಿರುಗಿಸದೆ ಹಿಂದುಹಿಂದಕ್ಕೆ ದಿಬ್ಬ ಏರುತ್ತವೆ. ಖಾಲಿ ಬಾನಿ ಮತ್ತೆ ಬಾವಿಗಿಳಿಯುತ್ತದೆ. ಚಾಟಿಗೆ ಕೆಲಸವಿಲ್ಲ, ಅದು ಗೂಟದಲ್ಲಿ ನೇತಾಡುತ್ತಿದೆ. ದಿನಕ್ಕೆ ಎಷ್ಟು ಬಾನಿ ನೀರು ಎತ್ತುತ್ತೀರಿ ಎಂದರೆ ಪುಟ್ಟಮಾದಪ್ಪ ದನಿ ತಗ್ಗಿಸುತ್ತಾರೆ. "ಎಣಿಸಬಾರ್ದು ಸಾ. ಎಣಿಸಿದ್ರೆ ಎತ್ತಿಗೆ ಗೊತ್ತಾಗಿ ಸುಸ್ತಾಯ್ತವೆ."

ಜಮೀನು ಸದಾಶಿವಪ್ಪನವರದು, ಬಾವಿಯೂ ಅವರದೇ. ಹೊಲ ನೆಂದು ಎತ್ತು ಬಿಚ್ಚಿದ ಮೇಲೆ ಮಾತ್ರ ಬಾವಿ ಪುಟ್ಟಮಾದಪ್ಪನವರದಾಗುತ್ತದೆ. ಆಗ ಮಕ್ಕಳು ಬರುತ್ತಾರೆ. ಮದರಾಸು ಸೀಮೆಯ ಈ ಬಾವಿಗೆ ಮೈಸೂರು ಸೀಮೆಯ ಯಳಂದೂರಿನಿಂದಲೂ ಮಕ್ಕಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಬರುವವರಿದ್ದಾರೆ. ನೀರಿಗೆ ಗಡಿ ಗೊತ್ತಿಲ್ಲ. ಓದಿ ಬಂದವರು ನಮ್ಮದು ಆ ಕಾಲೇಜು, ಈ ಕಾಲೇಜು ಎನ್ನುತ್ತಾರಲ್ಲ, ಇದು ಕಾಲೀಜು. ಮೊದಲು ಮೆಟ್ಟಿಲ ಮೇಲೆ ಕೂತು ಕಾಲು ಬಡಿಯಬೇಕು, ಈಜು ಆಮೇಲೆ.

ಈ ಕಾಲೀಜಿಗೆ ಸೇರಲು ವಯಸ್ಸು ಕೇಳುವುದಿಲ್ಲ. ಮಗುವನ್ನು ಬಾವಿಯ ಕಟ್ಟೆಯ ಬಳಿ ನಿಲ್ಲಿಸಿ ಪುಟ್ಟಮಾದಪ್ಪ ಒಂದೇ ಮಾತು ಹೇಳುತ್ತಾರೆ: "ಬಾವಿಗೆ ನಿನ್ನ ಎಸ್ರು ಯೋಳು." ಮಗು ಕೂಗುತ್ತದೆ. ಬಾವಿ ಅದೇ ಹೆಸರನ್ನು ದಪ್ಪ ದನಿಯಲ್ಲಿ ತಿರುಗಿ ಕೂಗುತ್ತದೆ.

"ಬಾವಿ ಮಾತಾಡ್ತು ಅಂತ ಓಡೋದ್ರೆ ಇನ್ನೂ ಎಳೇದು, ಮುಂದಿನ ಬ್ಯಾಸ್ಗೆಗೆ ಬಾ ಅಂತೀನಿ. ಕೇಳದೇ ಇಲ್ಲ, ಮ್ಯಾಲ್ ಮ್ಯಾಲೆ ಕಿರುಚ್ತದೆ ಅಂದ್ರೆ, ನೀರ್ಗೂ ಅಂಗೇ ಬೀಳ್ತದೆ, ಅದೂ ಬ್ಯಾಡ. ಕೂಗಿ, ಸುಮ್ಕೆ ನಿಂತು ಕೇಳಿ, ನಗ್ತದೆ ನೋಡಿ, ಅದು ತಯಾರು ಸಾ."

ಈ ಕಟ್ಟಳೆ ಹುಟ್ಟಿದ್ದು ಅವರ ಸ್ವಂತ ಭಯದಿಂದ. ಅವರ ಅಪ್ಪ ಒಂದು ಮಧ್ಯಾಹ್ನ ಏನೂ ಹೇಳದೆ ಕೇಳದೆ ಎತ್ತಿ ಬಾವಿಗೆ ಎಸೆದರಂತೆ. ಈಜು ಬಂತು, ನಿದ್ದೆ ಹೋಯಿತು. "ಕಣ್ಮುಚ್ಚಿದ್ರೆ ಬೀಳ್ತಿದ್ದೆ. ಆ ಬಾವೀಲೇ ಜೀತಕ್ ಬುಟ್ರು. ಬಾನಿ ಹಗ್ಗ ಕಿತ್ತೋದಾಗೆಲ್ಲಾ ನಾನೇ ಇಳೀಬೇಕಿತ್ತು. ದೊಡ್ಡೋನಾದ್ರೂ ಗೋಡೆ ತಬ್ಕಂಡೇ ಇಳೀತಿದ್ದೆ. ಒಂದಿನ ಸುಮ್ಕೆ ಕೂತು ನನ್ನೆಸ್ರೇ ಕೂಗ್ದೆ. ಅದೂ ಕೂಗ್ತು. ನಗು ಬಂತು. ಆವತ್ತಿಂದ ನೆಂಟ್ರಾದ್ವಿ."

ಮೊದಲು ಎರಡು ಬುರುಡೆ, ನಂತರ ಒಂದು, ಆಮೇಲೆ ಅಂಗೈಯಗಲದ್ದು. ಕೊನೆಯ ದಿನ ಪುಟ್ಟಮಾದಪ್ಪ ಬೆನ್ನಿಗೆ ಬಟ್ಟೆಯ ಗಂಟು ಮಾತ್ರ ಕಟ್ಟಿ, "ಬುರುಡೆ ಅದೆ, ಓಗು" ಎನ್ನುತ್ತಾರೆ. ಮಗು ಆಚೆ ದಡ ಮುಟ್ಟಿ ಬೆನ್ನು ಸವರಿಕೊಂಡಾಗ ಅಲ್ಲಿ ಬುರುಡೆ ಇರುವುದಿಲ್ಲ, ಬರೀ ಗಂಟು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿ ದೊಡ್ಡಮಾದಪ್ಪನವರಿಗೆ ಈಗ ಮೊಮ್ಮಕ್ಕಳಿದ್ದಾರೆ, ಆದರೂ ಆ ಗಂಟನ್ನು ಮರೆತಿಲ್ಲ. "ನಂಬುಸಿ ಮೋಸ ಮಾಡ್ದ ಕಣ್ರಿ ಆವಯ್ಯ," ಎನ್ನುವಾಗ ಅವರ ಮುಖ ಎಂಟು ವರ್ಷದ ಹುಡುಗನದಾಗುತ್ತದೆ. "ಬಟ್ಟೆ ಗಂಟು ನೋಡಿದ್ರೆ ಈಗ್ಲೂ ಬೆನ್ನು ಮುಟ್ಕತೀನಿ." ವ್ಯಾಪಾರದಲ್ಲಿ ಮುಳುಗಿದವರು ಊರಿನಲ್ಲಿ ಹಲವರಿದ್ದಾರೆ, ಪುಟ್ಟಮಾದಪ್ಪನ ಬಾವಿಯಲ್ಲಿ ಮುಳುಗಿದವರಿಲ್ಲ.

ಬುರುಡೆಗೆ ಬಳ್ಳಿ ಹಬ್ಬಿಸುವವರು ಹೆಂಡತಿ ಶಿವರತ್ನಮ್ಮ. ಅವರಿಗೆ ದೂರೊಂದಿದೆ. "ಪಲ್ಯಕ್ಕೆ ಅಂತ ಬೆಳೀತೀನಿ, ಎಲ್ಲಾ ಊರ್ ಮಕ್ಳ ಬೆನ್ಗೆ ಓಯ್ತದೆ. ಈ ಮನೆ ಸೇರ್ದಾಗಿಂದ ಎಳೇ ಸೋರೆಕಾಯಿ ರುಚಿ ನೋಡಿಲ್ಲ."

ಇನ್ನು ಬಳ್ಳಿಗೆ ಬಿಡುವು ಸಿಗಬಹುದು. ಯುಗಾದಿ ಕಳೆದ ಮೇಲೆ ಬಾವಿಗೆ ಆಯಿಲ್ ಎಂಜಿನ್ ಬರುತ್ತದೆ. ನೀರಿಗೆ ಕಬ್ಬಿಣದ ಪೈಪು ಇಳಿಯುತ್ತದೆ, ಮಕ್ಕಳು ಇಳಿಯುವಂತಿಲ್ಲ. "ಬರ್ಲಿ ಸಾ, ಎತ್ಗೂ ವಯಸ್ಸಾಯ್ತು," ಎನ್ನುತ್ತ ಪುಟ್ಟಮಾದಪ್ಪ ಬೂದನ ಕುತ್ತಿಗೆ ತುರಿಸುತ್ತಾರೆ. "ಆ ನೇಕಾರ್ರ ಮಗೀದೊಂದು ದಾಟ್ಬುಟ್ಟಿದ್ರೆ ಸಾಕಿತ್ತು."

ಆ ಮಗು ಚೌಡೇಶ್ವರಿ. ಕೊಳ್ಳೇಗಾಲದ ರೇಷ್ಮೆ ನೇಕಾರ ಮುದ್ದಯ್ಯನ ಮಗಳು. ಈ ಬೆಳಿಗ್ಗೆ ತಾಯಿ ರಂಗಮ್ಮ ಅವಳ ಕೈಹಿಡಿದು ಮೂರನೆಯ ಸಲ ಕಟ್ಟೆಯ ಬಳಿ ನಿಂತಿದ್ದಾರೆ. ರಂಗಮ್ಮನ ತಂಗಿ ಕೆರೆಯಲ್ಲಿ ನೂಲು ತೊಳೆಯುವಾಗ ತೇಲಿಹೋದ ಲಡಿಗೆ ಕೈಚಾಚಿ ಜಾರಿದಳು. ದಡದ ತುಂಬ ಹೆಂಗಸರಿದ್ದರು, ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಈಗ ನೂಲು ತೊಳೆಯಲು ಚೌಡೇಶ್ವರಿಯೂ ಜೊತೆಗೆ ಹೋಗುತ್ತಾಳೆ.

"ದೊಡ್ಡೋಳಾಗ್ಲಿ ತಾಳು ಅಂತಾರೆ ಇವಳಪ್ಪ," ಎನ್ನುತ್ತಾರೆ ರಂಗಮ್ಮ. "ದೊಡ್ಡೋಳಾದ್ಮೇಲೆ ಬಾವಿಗೆ ಇಳಿಸ್ತಾರಾ? ಈಗ್ಲೇ ಇಲ್ಲ ಅಂದ್ರೆ ಯಾವತ್ತೂ ಇಲ್ಲ."

ಹಿಂದಿನ ಎರಡು ಸಲವೂ ಹುಡುಗಿ ತನಗೇ ಕೇಳದಂತೆ ಹೆಸರು ಹೇಳಿ ಅವ್ವನ ಸೆರಗಿನೊಳಗೆ ಸೇರಿಕೊಂಡಿದ್ದಳು. ರಂಗಮ್ಮನಿಗೆ ಅದೇ ಸೋಜಿಗ. "ಮನೇಲಿ ಇವಳ ಬಾಯಿ ಮುಚ್ಚಕ್ಕಾಗಲ್ಲ. ಸಾವ್ಕಾರ್ರಂಗೆ ಕೆಮ್ಮತಾಳೆ, ಅವಳಪ್ಪನಂಗೆ ಗದರ್ತಾಳೆ, ಮಗ್ಗದಂಗೆ ಲಟಕ್ ಲಟಕ್ ಅಂತಾಳೆ. ಇಲ್ಲಿ ಬಂದ್ರೆ ಮೂಗಿ."

"ಆಗ್ಲಿಂದ ನಮ್ಮನ್ನೇ ನೋಡ್ಕಂಡು ನಿಂತದೆ, ನೋಡ್ಲಿ ಬುಡವ್ವ," ಎಂದು ಪುಟ್ಟಮಾದಪ್ಪ ಮತ್ತೆ ಹಗ್ಗ ಏರುತ್ತಾರೆ. "ನೀನು ಕೂಗ್ ಮಗ, ನಾನು ಇಲ್ಲಿಂದ್ಲೇ ಕೇಳಿಸ್ಕತೀನಿ."

ಎತ್ತುಗಳು ಅರ್ಧ ಇಳಿಜಾರು ಇಳಿದಿವೆ. ತುಂಬಿದ ಬಾನಿ ಬಾವಿಯ ನಡುವೆ ತೂಗುತ್ತಿದೆ. ಚೌಡೇಶ್ವರಿ ಅವ್ವನ ಕೈ ಬಿಡಿಸಿಕೊಂಡು ಕಟ್ಟೆಯ ಮೇಲೆ ಬಾಗುತ್ತಾಳೆ. ಹೆಸರು ಬರುವುದಿಲ್ಲ. ಗಂಟಲು ಸರಿಮಾಡಿಕೊಂಡ ಸದ್ದು ಬರುತ್ತದೆ.

"ಉಹ್ಹುಂ... ಇಂದ್ಕ್ ಬಾರಪ್ಪೋ..."

ಎಳೆಯ ದನಿಗೆ ಬಾವಿ ವಯಸ್ಸು ಕೂಡಿಸಿ ಮೇಲಕ್ಕೆ ಕಳಿಸುತ್ತದೆ. ಕೆಂದ, ಬೂದ ನಿಲ್ಲುತ್ತವೆ. ಒಂದು ಗಳಿಗೆ ಯೋಚಿಸಿ, ಯಜಮಾನನ ಮಾತು ಮೀರಬಾರದೆಂದು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತವೆ. ಹಗ್ಗ ಸಡಿಲವಾಗುತ್ತದೆ. ಅದರ ಮೇಲಿದ್ದ ಪುಟ್ಟಮಾದಪ್ಪ ಕಾಲು ಮೇಲಾಗಿ ಕೆಸರಿಗೆ ಬೀಳುತ್ತಾರೆ. ತುಂಬಿದ ಬಾನಿ ದಬಾರನೆ ಬಾವಿಗೆ ಬಿದ್ದು, ಹನಿಗಳು ಹುಡುಗಿಯ ಮುಖದವರೆಗೂ ಸಿಡಿಯುತ್ತವೆ.

ಚೌಡೇಶ್ವರಿ ಓಡುವುದಿಲ್ಲ. ಇನ್ನೂ ಬಾಗಿ ಕಿವಿಗೊಡುತ್ತಾಳೆ. ಒಳಗೆಲ್ಲೋ ಕೊನೆಯ "ಪ್ಪೋ" ಅಡಗುತ್ತದೆ. ಆಗ ಅವಳಿಗೆ ಕಿಸಕ್ಕನೆ ನಗು ಬರುತ್ತದೆ.

"ಅಯ್ಯೋ ಮುಂಡೇದೇ, ದೊಡ್ಡೋರ್ನ ಬೀಳಿಸ್ಬುಟ್ಟಲ್ಲ," ಎಂದು ರಂಗಮ್ಮ ಕೈಯೆತ್ತುತ್ತಾರೆ.

"ಒಡೀಬ್ಯಾಡ ಕಣವ್ವ," ಕೆಸರಿನಿಂದಲೇ ಮಾತು ಬರುತ್ತದೆ. "ಕೂಗ್ತು, ಕೇಳ್ತು, ನಕ್ತು. ಇನ್ನೇನಾಗ್ಬೇಕು? ಶಿವರತ್ನೀ, ದೊಡ್ಡವು ಎರಡು ಬುರುಡೆ ತಕಂಡ್ ಬಾ."

ಶಿವರತ್ನಮ್ಮ ಗುಡಿಸಲ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ಗಂಡನನ್ನು ಕಣ್ತುಂಬ ನೋಡುತ್ತಾರೆ. "ಊರ್ ಮಕ್ಳಿಗೆಲ್ಲಾ ಬರೀ ಗಂಟು ಕಟ್ಟಿ ನೀರ್ಗ್ ತಳ್ತಿದ್ಯಲ್ಲ. ಇವತ್ತು ನೀನು ಬೆನ್ನು ಮುಟ್ಕೋ."

ಪುಟ್ಟಮಾದಪ್ಪ ನಿಜವಾಗಿಯೂ ಬೆನ್ನು ಸವರಿ ನೋಡಿಕೊಳ್ಳುತ್ತಾರೆ. ಕೈತುಂಬ ಕೆಸರು. ಹುಡುಗಿ ನಗುತ್ತಾಳೆ, ಅವಳವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ. ಆದರೆ ಕೆಸರಿನಲ್ಲಿ ಕೂತವರ ನಗು ಇವೆಲ್ಲವನ್ನೂ ಮುಳುಗಿಸುತ್ತದೆ. ಅದಕ್ಕೆ ಸರಿಸಮ ನಗುತ್ತಿರುವುದು ಬಾವಿಯೊಂದೇ.