ಸೋದರಮಾವನ ಕಿವಿಯ ಆಟಗಾರ

ನನ್ನ ಹೆಂಡತಿಗೆ ಬೇಸ್‌ಬಾಲ್ ಆಟ ಕೊನೆಯವರೆಗೂ ಅರ್ಥವಾಗಲಿಲ್ಲ. ನನಗೆ ಈಗಲೂ ಆಗಿಲ್ಲ. ಕಾರ್ಡುಗಳನ್ನು ಕೂಡಿಡುವುದಕ್ಕೆ ಅದೇನೂ ಅಡ್ಡಿಯಾಗಲಿಲ್ಲ.

ಕೊರೋನಾ ಬಂದ ವರ್ಷ, ಅಮೆರಿಕದ ಜರ್ಮನ್‌ಟೌನ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರುಮನೆಯವರು ಖಾಲಿ ಮಾಡಿಕೊಂಡು ಹೋಗುವಾಗ ಒಂದು ಶೂ ಡಬ್ಬಿ ಕೊಟ್ಟರು. ಒಳಗೆ ಆಟಗಾರರ ಚಿತ್ರವಿದ್ದ ರಟ್ಟಿನ ಕಾರ್ಡುಗಳು. ಒಂದು ಕಾಲದಲ್ಲಿ ಚೂಯಿಂಗ್ ಗಮ್ ಪೊಟ್ಟಣದೊಳಗೆ ಮಕ್ಕಳಿಗೆ ಸಿಗುತ್ತಿದ್ದಂಥವು. ನನ್ನ ಹೆಂಡತಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು. ಚಿಮಟದಿಂದ ಒಂದೊಂದನ್ನೇ ಎತ್ತಿ ಊಟದ ಮೇಜಿನ ಮೇಲೆ ಜೋಡಿಸಿದಳು. ಕೆಲವು ದಿನ ನಾವು ನೆಲದ ಮೇಲೆ ಕೂತು ಊಟ ಮಾಡಿದೆವು.

"ರೀ, ನೋಡಿ ಇವ್ರನ್ನ. ಎಲ್ಲಾ ಹುಡುಗಿ ಮನೆಗೆ ಕಳಿಸೋಕೆ ಫೋಟೋ ತೆಗೆಸ್ಕೊಂಡ ಥರ ನಿಂತಿದಾರೆ," ಎಂದಳು.

"ಯಾರನ್ನ ಒಪ್ಕೊಂಡೆ?"

"ಇನ್ನೂ ನೋಡ್ತಿದೀನಿ. ನಿಮ್ಮ ವಿಷಯದಲ್ಲಿ ಮಾಡಿದ ಹಾಗೆ ಅವಸರ ಮಾಡಲ್ಲ."

ಒಪ್ಪಿಗೆಯಾದವನು ಆ ಡಬ್ಬಿಯಲ್ಲಿ ಇರಲಿಲ್ಲ. ಮರುವರ್ಷ ವರ್ಜೀನಿಯಾದ ಒಂದು ಹೋಟೆಲಿನ ಸಭಾಂಗಣದಲ್ಲಿ ಇಂಥ ಹಳೆಯ ಕಾರ್ಡುಗಳನ್ನು ಮಾರುವ ಕಾರ್ಡ್ ಶೋ ನಡೆಯಿತು. ವಯಸ್ಸಾದ ವ್ಯಾಪಾರಿಯೊಬ್ಬರ ಗಾಜಿನ ಪೆಟ್ಟಿಗೆಯಲ್ಲಿ ಅವನಿದ್ದ. ಅಗಲ ಕಿವಿ, ಯಾರೋ ಈಗಷ್ಟೇ ಬೈದಂಥ ಮುಖ.

"ಥೇಟ್ ನಮ್ಮ ಸೋದರಮಾವ ಕಣ್ರೀ!"

ಆ ಸೋದರಮಾವ ಮೈಸೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಅವಳನ್ನು ಕಂಬಿಯ ಮೇಲೆ ಕೂರಿಸಿಕೊಂಡು ದಿನಾ ಸ್ಕೂಲಿಗೆ ಬಿಟ್ಟವರು.

ಆಟಗಾರ ಅಂಥ ಹೆಸರು ಮಾಡಿದವನಲ್ಲ. ಬೆಲೆ ಮಾತ್ರ ನಮ್ಮ ತಿಂಗಳ ಬಾಡಿಗೆಗಿಂತ ಹೆಚ್ಚು. ಅವನ ಕಾರ್ಡು ಅಚ್ಚಾದ ವರ್ಷ, ಅದು ಸೇರಿದ್ದ ಕೊನೆಯ ಕಂತಿನ ಕಾರ್ಡುಗಳು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಕಾಲ ಮುಗಿದು, ಯಾರೂ ಕೊಳ್ಳದೆ, ಉಳಿದಿರುವುದೇ ಕಡಿಮೆಯಂತೆ. ವ್ಯಾಪಾರಿ ಸಮಾಧಾನವಾಗಿ ವಿವರಿಸಿದರು.

"ಯಾರಿಗೂ ಬೇಡವಾಗಿತ್ತು ಅಂತ ಇವ್ರೇ ಹೇಳ್ತಿದಾರೆ. ಮತ್ತೆ ಇಷ್ಟು ರೇಟ್ ಹೇಳ್ತಾರಲ್ರೀ?" ಎಂದಳು ನನ್ನ ಕಡೆ ತಿರುಗಿ.

ಚೌಕಾಸಿಯಲ್ಲಿ ನಮ್ಮಿಬ್ಬರಿಗೂ ಒಂದೊಂದು ಕೆಲಸವಿತ್ತು. ಮದುವೆಯಾದ ಹೊಸತರಲ್ಲಿ ಮೈಸೂರಿನ ಮಾರ್ಕೆಟ್ಟಿನಲ್ಲಿ ಅವಳೇ ಕಲಿಸಿದ್ದು. ಅವಳು ಬೆಲೆ ಕೇಳಿ, ಅದರ ಅರ್ಧಕ್ಕೆ ಕೊಡಿ ಎನ್ನಬೇಕು. ನಾನು ವಾಚು ನೋಡಿಕೊಂಡು "ಬಾರೇ, ಬೇಡ, ಹೋಗೋಣ" ಎನ್ನಬೇಕು. ಇಬ್ಬರೂ ಹೊರಡಬೇಕು. ಅಂಗಡಿಯವನು ಹಿಂದಿನಿಂದ ಕರೆಯುತ್ತಾನೆ. ಮೊದಲ ಕರೆಗೆ ತಿರುಗಬಾರದು, ಎರಡನೆಯದಕ್ಕೆ ತಿರುಗಬೇಕು. ನಾನು ಮೊದಲನೆಯದಕ್ಕೇ ತಿರುಗುವವನು. ಹಾಗಾಗಿ ಅವಳು ನನ್ನ ಶರಟಿನ ಎಡತೋಳು ಹಿಡಿದುಕೊಂಡೇ ನಡೆಯುತ್ತಿದ್ದಳು.

ಈ ವ್ಯಾಪಾರಿ ಕರೆಯಲಿಲ್ಲ. ಇಲ್ಲಿ ಹೊರಟವರನ್ನು ಹೊರಟವರೆಂದೇ ತಿಳಿಯುತ್ತಾರೆ. ಸಭಾಂಗಣವನ್ನು ಒಂದು ಸುತ್ತು ಹಾಕಿ ವಾಪಸಾದೆವು. ಬೆಲೆ ಅಷ್ಟೇ ಇತ್ತು. ಮುಂದಿನ ಶೋನಲ್ಲೂ ಹೀಗೇ ಆಯಿತು, ಅದರ ಮುಂದಿನದರಲ್ಲೂ.

"ಕರೀತಾರೆ ಬಿಡಿ, ಎಲ್ಲಿ ಹೋಗ್ತಾರೆ," ಎನ್ನುತ್ತಿದ್ದಳು ಕಾರಿನಲ್ಲಿ.

ಹೋದ ವರ್ಷ ಏಪ್ರಿಲ್‌ನಲ್ಲಿ ಅವಳು ತೀರಿಕೊಂಡಳು. ಕಾಯಿಲೆ ಗೊತ್ತಾದ ಮೇಲೆ ಹೆಚ್ಚು ಸಮಯ ಸಿಗಲಿಲ್ಲ. ಜನ ತಂದುಕೊಟ್ಟ ಬಿಸಿಬೇಳೆಬಾತ್ ಬಹಳ ದಿನ ಫ್ರೀಜರಿನಲ್ಲಿತ್ತು. ಮಾಡಬೇಕು ಎಂದು ನನಗೆ ಅನ್ನಿಸುತ್ತಿದ್ದದ್ದು ಒಂದೇ ಕೆಲಸ: ಆ ಕಾರ್ಡನ್ನು ಮನೆಗೆ ತರುವುದು, ಅದೂ ಅವಳು ತರುವ ರೀತಿಯಲ್ಲಿ. ಚಳಿ ಶುರುವಾಗುವ ಮುಂಚಿನ ಶೋಗೆ ಒಬ್ಬನೇ ಹೋದೆ.

ಸೋದರಮಾವ ಪೆಟ್ಟಿಗೆಯಲ್ಲೇ ಇದ್ದರು. ಬೆಲೆ ಕೇಳಿದೆ. ಆಮೇಲೆ ವಾಚು ನೋಡಿಕೊಂಡೆ. "ಬೇಡ, ಹೋಗೋಣ" ಎಂದು ನನಗೇ ಹೇಳಿಕೊಂಡು ಹೊರಟೆ. ಯಾರೂ ಕರೆಯಲಿಲ್ಲ. ಟೋಪಿ ಮಾರುವ ಮೇಜಿನ ಮುಂದೆ ನಿಂತು ಟೋಪಿಗಳನ್ನು ನೋಡಿದೆ. ಓರೆಗಣ್ಣಿನಲ್ಲಿ ನೋಡಿದರೆ ದಪ್ಪನೆಯ ಮನುಷ್ಯರೊಬ್ಬರು ಅದೇ ಗಾಜಿನ ಮೇಲೆ ಬಗ್ಗಿದ್ದರು. ಸುತ್ತು ಮುಗಿಸದೆ ಹಾಗೇ ವಾಪಸು ಓಡಿದೆ. ಅವರು ನೋಡುತ್ತಿದ್ದದ್ದು ಬೇರೆ ಕಾರ್ಡು.

"ಈ ಸಲ ಬೇಗ ವಾಪಸ್ ಬಂದ್ರಿ. ಮೇಡಂ ಎಲ್ಲಿ?" ಎಂದು ವ್ಯಾಪಾರಿ ಇಂಗ್ಲಿಷಿನಲ್ಲಿ ಕೇಳಿದರು.

ಹೇಳಿದೆ.

ಅವರು ಪೆಟ್ಟಿಗೆಯ ಬೀಗ ತೆಗೆದು ಕಾರ್ಡನ್ನು ನನ್ನ ಮುಂದಿಟ್ಟರು.

"ಆಕೆ ಕೊನೇ ಸಲ ಕೇಳಿದ ಬೆಲೆಗೇ ತಗೊಳ್ಳಿ."

"ಬೇಡ, ಅದು ತೀರಾ ಕಡಿಮೆ."

"ನನಗೇನೂ ತೊಂದರೆ ಇಲ್ಲ."

"ಆ ಬೆಲೆಗೆ ನೀವು ಕೊಡಲ್ಲ ಅಂತ ಅವಳಿಗೂ ಗೊತ್ತಿತ್ತು. ಸುಮ್ನೆ ಶುರು ಮಾಡೋಕೆ ಹೇಳಿದ್ದು."

ನಾನು ಸ್ವಲ್ಪ ಏರಿಸಿದೆ. ಅವರು ಸ್ವಲ್ಪ ಇಳಿಸಿದರು. ನಾನು ಮತ್ತೆ ಏರಿಸಿದೆ. ಪಕ್ಕದ ಮೇಜಿನವರು ತಮ್ಮ ಗಿರಾಕಿಯನ್ನು ಬಿಟ್ಟು ನಮ್ಮನ್ನೇ ನೋಡತೊಡಗಿದರು. ಕೊನೆಗೆ ನಡುವೆ ಎಲ್ಲೋ ನಿಂತಿತು. ಅವಳು ಕೇಳಿಸಿಕೊಂಡಿದ್ದರೆ ಮನೆ ಬರುವವರೆಗೂ ಬೈಯುತ್ತಿದ್ದಳು.

ದುಡ್ಡು ಕೊಟ್ಟೆ. ಕೈ ಕುಲುಕಿದೆವು. ಹೊರಟೆ.

"ಸರ್!" ಎಂದು ವ್ಯಾಪಾರಿ ಹಿಂದಿನಿಂದ ಕೂಗಿದರು.

ಅಷ್ಟು ಶೋಗಳಲ್ಲಿ ಅವರು ಕರೆದದ್ದು ಅದೇ ಮೊದಲು. ನನ್ನ ಎಡಗೈ ತಾನಾಗಿಯೇ ಮೈಯಿಂದ ಸ್ವಲ್ಪ ಸರಿದು ನಿಂತಿತು, ತೋಳು ಹಿಡಿಯುವವರಿಗೆ ಅನುಕೂಲವಾಗುವಂತೆ. ನಾನು ತಿರುಗಲಿಲ್ಲ. ಟೋಪಿಗಳ ಮೇಜಿನವರೆಗೆ ನಡೆದೆ.

"ಸರ್! ಸರ್, ನಿಮ್ಮನ್ನೇ!"

ಎರಡನೆಯ ಕರೆಗೆ ತಿರುಗಿದೆ. ವ್ಯಾಪಾರಿ ಎದ್ದು ನಿಂತು, ನಾನು ಮೇಜಿನ ಮೇಲೇ ಬಿಟ್ಟು ಬಂದಿದ್ದ ಕಾರ್ಡನ್ನು ತಲೆಗಿಂತ ಮೇಲೆ ಎತ್ತಿ ಹಿಡಿದಿದ್ದರು. ಅಷ್ಟು ದೂರದಿಂದಲೂ ಕಿವಿಗಳು ಕಾಣುತ್ತಿದ್ದವು.